ತೊಟ್ಟಿಲಿಗೇರಿದ ರೆಕಾರ್ಡ್ ಪ್ಲೇಯರು

ನನಗೆ ಹುಟ್ಟಾ ಸಂಶಯ. ತೆಂಗಿನಕಾಯಿಯನ್ನು ಎಲ್ಲರೂ ಅಲುಗಾಡಿಸಿ ನೋಡಿ ಕೊಳ್ಳುತ್ತಾರೆ. ನಾನು ಕಲಘಟಗಿಯ ಸಂತೆಯಲ್ಲಿ ಬದನೆಕಾಯಿಯನ್ನೂ ಅಲುಗಾಡಿಸಿ ನೋಡುತ್ತಿದ್ದೆ. "ನಿನ್ನ ಕಟಗೊಳ್ಳಾಂವ ಹಿಂದಿನ ಜನ್ಮದಾಗ ಏನ ಪಾಪ ಮಾಡ್ಯಾನೋ" ಎಂದು ಅವ್ವ ನಗುತ್ತಿದ್ದಳು. ಕಟ್ಟಿಕೊಂಡವರು ಮೊರಬದವರು. ಊರಲ್ಲಿ ಎರೆಹೊಲ, ಅಣ್ಣಿಗೇರಿಯ ಹತ್ತಿ ಮಾರಾಟದ ಸೊಸೈಟಿಯಲ್ಲಿ ನೌಕರಿ, ಮನೆಯಲ್ಲಿ ತಾಯಿ ಒಬ್ಬರೇ. ಹುಡುಗನಿಗೆ ಯಾವ ಚಟವೂ ಇಲ್ಲ ಎಂದು ಹೇಳಿ ಕೊಟ್ಟರು. ಆ ಮಾತನ್ನು ನಾನು ಆಗಲೇ ನಂಬಿರಲಿಲ್ಲ.

ಚಟ ಇತ್ತು. ಹಾಡು ಕೇಳುವ ಚಟ. ಓದುವ ಕಾಲಕ್ಕೆ ಧಾರವಾಡದಲ್ಲಿ ಎಲ್ಲಿ ಬೈಠಕ್ ಇದ್ದರೂ ಹೋಗಿ ಜಮಖಾನೆಯ ಅಂಚಿಗೆ ಕೂತು ಬಂದವರಂತೆ. ಮದುವೆಯಾಗಿ ಮೂರ್ನಾಲ್ಕು ವರ್ಷಕ್ಕೆ, ಎಪ್ಪತ್ತರ ದಶಕದ ನಡುವಿನಲ್ಲಿ, ಹುಬ್ಬಳ್ಳಿಯಿಂದ ಒಂದು ರೆಕಾರ್ಡ್ ಪ್ಲೇಯರು ತಂದರು. ಅದರ ಸಂಗಡ ಬೇರೆಯದೇ ಒಂದು ಆಂಪ್ಲಿಫಾಯರು, ಮೊಣಕಾಲೆತ್ತರದ ಎರಡು ಕಟ್ಟಿಗೆಯ ಪೆಟ್ಟಿಗೆ. ಬಸ್ಸಿನ ಮೇಲೆ ಹಾಕಿದರೆ ಒಡೆದೀತು ಎಂದು ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ತಂದಿದ್ದರು. ಊರಿನವರು ಬಂದು ಪೆಟ್ಟಿಗೆಯ ಹಿಂದೆ ಇಣುಕಿ ಹೋದರು.

ನಮ್ಮ ಮನೆಯ ಬಾಜೂ ಹಿಟ್ಟಿನ ಗಿರಣಿ. ಬಾಜೂ ಅಂದರೆ ಗೋಡೆ ಒಂದೇ. ಗಿರಣಿ ನಡೆಯುವುದು ಎಣ್ಣೆಯ ಇಂಜಿನ್ನಿನ ಮೇಲೆ. ಅದು ಶುರುವಾದರೆ ನಮ್ಮ ಮಣ್ಣಿನ ಮಾಳಿಗೆ ಮನೆಯೆಲ್ಲ ನಡುಗುತ್ತಿತ್ತು. ಗೋಡೆಯ ಮಾಡದಲ್ಲಿಟ್ಟ ವಾಟಿ, ಬಟ್ಟಲುಗಳು ತಾವಾಗಿ ಸರಿದು ಅಂಚಿಗೆ ಬರುತ್ತಿದ್ದವು. ಹೊಸದಾಗಿ ಬಂದಾಗ ದೆವ್ವ ಇದೆಯೇನೋ ಎಂದು ನನಗೆ ಸಂಶಯ. ಆಮೇಲೆ ರೂಢಿಯಾಯಿತು. ಅಲ್ಲೇ ಹುಟ್ಟಿ ಬೆಳೆದ ನನ್ನ ಗಂಡನಿಗಂತೂ ಮನೆ ನಡುಗುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಗೊತ್ತಾದದ್ದು ಪ್ಲೇಯರು ಬಂದ ಮೇಲೆ. ಪ್ಲೇಟು ಹಚ್ಚಿದರೆ ಸೂಜಿ ಜಿಗಿಯಿತು. ಆಲಾಪ ಅರ್ಧಕ್ಕೆ ಹಾರಿ ತರಾನಾಕ್ಕೆ ಬಿತ್ತು.

"ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ. ನಿನ್ನ ಮಷೀನಕ್ಕ ಹಾಡಾಕ ಬರೂದಿಲ್ಲ, ಸುಮ್ನ ಗಿರಣಿಗೆ ಬೈತೀ" ಎಂದರು ನಮ್ಮತ್ತೆ.

ಗಿರಣಿ ನಿಂತಾಗ ಕೇಳಿದರೆ ಮುಗಿಯಿತಲ್ಲ ಎಂದು ನಾನಂದೆ. ಅಮಾವಾಸ್ಯೆಗೆ ಗಿರಣಿ ಬಂದ್ ಇರುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೂ ನಿಲ್ಲುತ್ತದೆ. ಆದರೆ ಇವರು ಅಷ್ಟಕ್ಕೆ ಕೇಳುವ ಕುಳವಲ್ಲ. ಹುಬ್ಬಳ್ಳಿಯ ಅಂಗಡಿಯವ ಇವರಿಗೆ ಒಂದು ಶಾಸ್ತ್ರ ಹೇಳಿ ಕಳಿಸಿದ್ದ. ಗಿರಣಿ ಇರಲಿ ಇಲ್ಲದಿರಲಿ, ಪೆಟ್ಟಿಗೆಯಿಂದ ಬರುವ ಸದ್ದೇ ನೆಲಕ್ಕಿಳಿದು, ನೆಲದಿಂದ ಮೇಜಿನ ಕಾಲಿಗೆ ಹತ್ತಿ, ಮತ್ತೆ ಸೂಜಿಗೆ ಬಂದು ಸ್ವರವನ್ನು ರಾಡಿ ಮಾಡುತ್ತದಂತೆ. ಆ ನಡುಕವನ್ನು ಕೆಳಗೇ ತಡೆದರೆ ಹಾಡು ಬಿಡಿಸಿ ಬರುತ್ತದಂತೆ. ಹೇಳಿದ್ದಲ್ಲದೆ, ಇವರು ಎರಡನೇ ಸಲ ಹೋದಾಗ ಪ್ಲೇಯರಿನ ಕೆಳಗಿಡಲು ನಾಲ್ಕು ಕರೀ ರಬ್ಬರಿನ ಗುಂಡು ಕಾಲುಗಳನ್ನು ಕೊಟ್ಟಿದ್ದ. ಇವರ ಕಿವಿಗೆ ಅವನು ಹೂ ಇಟ್ಟ ಎನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ರಬ್ಬರಿಗಿಂತ ಮೊದಲು ಇಟ್ಟಂಗಿ ಇಟ್ಟಾಗಿತ್ತು. ಉಸುಕು ತುಂಬಿದ ಗೋಣಿಚೀಲ ಇಟ್ಟಾಗಿತ್ತು, ಅದು ಸೋರಿ ಪಡಸಾಲೆಯೆಲ್ಲ ಉಸುಕಾಗಿತ್ತು. ನಾನು ಹೊಲಿದ ಕೌದಿಯನ್ನು ನನಗೆ ಕೇಳದೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಪ್ರತಿಸಲವೂ ಕಣ್ಣು ಮುಚ್ಚಿ ಕೂತು ನನ್ನನ್ನು ಕರೆಯುವರು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕೇಳುವೆ. ನನಗೆ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಕೇಳಿಸುತ್ತಿತ್ತು. ನನ್ನ ಕಿವಿ ಮಂದ ಇರಬಹುದು ಎಂದು ಮೊದಮೊದಲು ಸುಮ್ಮನಿದ್ದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಸಂಶಯ ಬರೇ ಹಟಮಾರಿತನ ಅನಿಸೀತು. ಆಗ ನಮ್ಮ ಮದುವೆಯಾಗಿ ಐದನೇ ವರ್ಷ ನಡೆದಿತ್ತು, ಮಕ್ಕಳಿರಲಿಲ್ಲ. ಮೊರಬದಲ್ಲಿ ಯಾವ ಹೆಂಗಸೂ ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಮೊದಲು ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಅತ್ತೆ ಒಂದು ದಿನ ಒಲೆಯ ಮುಂದೆ, ನನಗೆ ಕೇಳಲಿ ಎಂದೇ, "ಬಂಜಿ ಕಾಲಗುಣ" ಎಂದಿದ್ದರು. ಸೋಮವಾರ ಒಪ್ಪತ್ತು ಹಿಡಿದೆ. ಸೂಲಗಿತ್ತಿ ಅರೆದು ಕೊಟ್ಟ ಬೇರಿನ ಕಷಾಯ ಕುಡಿದೆ, ಅದು ನಾಲಗೆಯ ಮೇಲಿನಿಂದ ದಿನವೆಲ್ಲ ಹೋಗುತ್ತಿರಲಿಲ್ಲ. ಧಾರವಾಡದ ಲೇಡಿ ಡಾಕ್ಟರು ನನ್ನನ್ನು ನೋಡಿ, ನಿನ್ನಲ್ಲಿ ಏನೂ ದೋಷ ಇಲ್ಲ, ಗಂಡನನ್ನು ಕರಕೊಂಡು ಬಾ ಎಂದರು. ಬಂದು ಇವರಿಗೆ ಹೇಳಿದೆ. "ನೋಡೂಣು" ಎಂದು ಇವರು ಪ್ಲೇಟು ಒರೆಸತೊಡಗಿದರು.

ಅತ್ತೆಯ ತಮ್ಮ ಹುಬ್ಬಳ್ಳಿಯಲ್ಲಿದ್ದರು. ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಸೋದರಮಾವನ ಮಗಳು ನಮ್ಮ ಕಡೆ ಹುಟ್ಟಿದಾಗಿನಿಂದಲೇ ಅರ್ಧ ಹೆಂಡತಿ. ಇನ್ನೊಂದು ಮದುವೆಗೆ ಕಾಯಿದೆ ಅಡ್ಡ ಬರುತ್ತದೆ ಎಂದು ಓದಿದವರು ಹೇಳುತ್ತಿದ್ದರು. ನಮ್ಮ ಓಣಿಯಲ್ಲಿಯೇ ಎರಡು ಮನೆಯಲ್ಲಿ ಇಬ್ಬಿಬ್ಬರು ಹೆಂಡಿರು ಒಂದೇ ಬಾವಿಯ ನೀರು ಹೊರುತ್ತಿದ್ದರು. ತಮ್ಮ ಬಂದಾಗಲೆಲ್ಲ ಅತ್ತೆ ಹಿತ್ತಲಿಗೆ ಹೋಗಿ ಅವರೊಂದಿಗೆ ಪಿಸುಪಿಸು ಮಾತಾಡುವರು. ನಾನು ಚಹಾ ಒಯ್ದರೆ ಮಾತು ಹತ್ತಿಯ ರೇಟಿಗೆ ಹೊರಳುವುದು.

ಇಂಥ ಹೊತ್ತಿನಲ್ಲಿ ಇವರು ಇನ್ನೂ ಮೆತ್ತನೆಯ ರಬ್ಬರು ಬೇಕೆಂದು ನೆವ ಹೇಳಿ ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಗೆ ಹೋಗತೊಡಗಿದರು.

ಒಂದು ಭಾನುವಾರ ಇವರು ಬಚ್ಚಲಿಗೆ ಹೋದಾಗ ನಾನು ಪ್ಲೇಯರು ಎತ್ತಿ ನಾಲ್ಕೂ ರಬ್ಬರಿನ ಕಾಲು ತೆಗೆದೆ. ಅವನ್ನು ಮೆಂತ್ಯದ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಪ್ಲೇಯರನ್ನು ಬರೀ ಮೇಜಿನ ಮೇಲಿಟ್ಟು, ಬುಡ ಕಾಣದಂತೆ ಮೇಜಿನ ಬಟ್ಟೆಯನ್ನು ಸುತ್ತ ಎಬ್ಬಿಸಿದೆ. ಗಿರಣಿ ಅವತ್ತು ನಿಂತಿತ್ತು. ಇವರು ತಲೆ ಒರೆಸಿಕೊಂಡು ಬಂದು ಪ್ಲೇಟು ಹಚ್ಚಿದರು, ಕಣ್ಣು ಮುಚ್ಚಿದರು.

"ಕೇಳ ಇಲ್ಲಿ. ತಬಲಾದ ಎಡಗೈ ಎಷ್ಟ ಬಿಡಿಸಿ ಬರಾಕತ್ತೈತಿ ಇವತ್ತ. ರಬ್ಬರ ಈಗ ಹೊಂದಿಕೊಂಡಾವು."

"ಹೌದ್ರಿ, ಅಗದಿ ಹೊಂದಿಕೊಂಡಾವು" ಎಂದೆ.

ನಗು ಬರಬೇಕಿತ್ತು, ಬರಲಿಲ್ಲ. ಇಲ್ಲದ್ದನ್ನು ಇಷ್ಟು ನಂಬಿಕೆಯಿಂದ ಇದೆ ಎನ್ನುವ ಮನುಷ್ಯ ನನಗೆ ದಿನವೂ ಹೇಳುವ ಮಾತಿನಲ್ಲಿ ಇರುವುದೆಷ್ಟು, ಇಲ್ಲದ್ದೆಷ್ಟು ಎಂದು ಲೆಕ್ಕ ಹಾಕತೊಡಗಿದೆ. "ನೋಡೂಣು" ಎಂದದ್ದು ಯಾವುದರಲ್ಲಿ ಬಂತು? ಹುಬ್ಬಳ್ಳಿಗೆ ಹೋದವರು ಹೋದ ಸಲ ಕೈಬೀಸಿಕೊಂಡು ಬಂದಿದ್ದರಲ್ಲ, ಅದು ಯಾವುದರಲ್ಲಿ? ಸಂಜೆ ರಬ್ಬರುಗಳನ್ನು ಮೆಂತ್ಯದ ವಾಸನೆ ಸಮೇತ ತಿರುಗಿ ಅವುಗಳ ಜಾಗಕ್ಕಿಟ್ಟೆ. ಅದೂ ಇವರಿಗೆ ಗೊತ್ತಾಗಲಿಲ್ಲ.

ಸಂಕ್ರಾಂತಿ ಕಳೆದು ಬೇಸಿಗೆ ಹತ್ತಿತು. ಎರೆಭೂಮಿ ಬಿರಿದು ನೆಲದೊಳಗೆ ಕೈ ಹೋಗುವಷ್ಟು ಸೀಳಿತು, ಗೋಡೆಗಳೂ ಅಲ್ಲಲ್ಲಿ ಬಾಯಿ ಬಿಟ್ಟವು. ಗಿರಣಿಯ ನಡುಕ ಮೊದಲಿಗಿಂತ ಹೆಚ್ಚಾಯಿತು. ನಾಲ್ಕು ರಬ್ಬರು ಅದರ ಮುಂದೆ ಏನೇನೂ ಸಾಲದೆ ಸೂಜಿ ಕುಣಿಯಿತು. ಇವರು ಎರಡು ದಿನ ಊಟದ ಮುಂದೆ ಕೂತು ಮಾಳಿಗೆಯ ತೊಲೆ ನೋಡಿದರು. ಮೂರನೇ ದಿನ ಏಣಿ ಹಚ್ಚಿ ಅಟ್ಟ ಹತ್ತಿ ತೊಟ್ಟಿಲು ಇಳಿಸಿದರು.

ಅದು ಇವರನ್ನೇ ತೂಗಿದ ತೊಟ್ಟಿಲು, ನಮ್ಮ ಕಲಘಟಗಿಯಲ್ಲಿ ಮಾಡಿದ್ದು. ಅರಗಿನ ಬಣ್ಣ ಅಷ್ಟು ವರ್ಷಕ್ಕೂ ಮಾಸಿರಲಿಲ್ಲ. ಧೂಳು ಒರೆಸಿದ ಕೂಡಲೇ ಕೆಂಪು, ಹಳದಿ ಎದ್ದು ಬಂದವು. ಪಡಸಾಲೆಯ ತೊಲೆಯ ಕೊಂಡಿಗೆ ಸರಪಳಿ ಹಾಕಿ, ಸರಪಳಿಗೂ ತೊಟ್ಟಿಲಿಗೂ ನಡುವೆ ಸೈಕಲ್ಲಿನ ಟ್ಯೂಬು ಕತ್ತರಿಸಿ ಕಟ್ಟಿದರು. ಒಳಗೆ ಹಲಗೆ, ಹಲಗೆಯ ಮೇಲೆ ಪ್ಲೇಯರು. ಗಿರಣಿಯ ಹಿಟ್ಟಿನ ಧೂಳು ಬೀಳದಿರಲಿ ಎಂದು ಮೇಲೊಂದು ತೆಳು ಧೋತರ ಹೊದಿಸಿದರು.

ಅತ್ತೆ ಹಿತ್ತಲಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ ಮಾಡಾಕತ್ತೀ ನೀ? ಬರೇ ತೊಟ್ಟಿಲಾ ತೂಗಬಾರದು ಅಂತ ಗೊತ್ತಿಲ್ಲ ನಿನಗ?"

"ಬರೇ ಎಲ್ಲೈತಿ ಎವ್ವಾ. ತುಂಬೇತಲ್ಲ" ಎಂದರು ಇವರು, ಗಂಟು ಬಿಗಿಯುತ್ತ.

ಅತ್ತೆ ಇನ್ನೂ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತೊಟ್ಟಿಲನ್ನೂ ನನ್ನನ್ನೂ ಒಂದು ಸಲ ನೋಡಿ ಒಳಗೆ ಹೋದರು. ಆ ಸುಮ್ಮನಿರುವಿಕೆ ನನಗೆ ಬೈಗಳಿಗಿಂತ ಕೆಟ್ಟದ್ದು ಅನಿಸಿತು. ತೊಟ್ಟಿಲು ಇಳಿಸಿದ್ದು, ತೊಳೆದದ್ದು, ಕೊಂಡಿ ಗಟ್ಟಿ ಇದೆಯೇ ಎಂದು ಜಗ್ಗಿ ನೋಡಿದ್ದು, ಇದೆಲ್ಲ ಬರೇ ಒಂದು ಮಷೀನಿಗೇ? ಅಥವಾ ತಾಯಿಮಗ ಕೂಡಿ ಬರುವವಳಿಗೆ ಮನೆ ಸಜ್ಜು ಮಾಡುತ್ತಿದ್ದಾರೋ? ಅವತ್ತಿನಿಂದ ನಾನು ಅತ್ತೆಯ ಟ್ರಂಕಿನ ಬೀಗವನ್ನೂ ದಿನಕ್ಕೊಮ್ಮೆ ನೋಡತೊಡಗಿದೆ. ಒಳಗೆ ಹೊಸ ಸೀರೆ ಸೇರಿದ್ದರೆ ಬೀಗದ ಮೇಲೆ ಹೇಗೆ ಗೊತ್ತಾಗಬೇಕು? ಆದರೂ ನೋಡುತ್ತಿದ್ದೆ.

ಈಗ ಕೇಳುವವರಿದ್ದಾರೆ, ಅದರಿಂದ ಹಾಡು ಸುಧಾರಿಸಿತೇ ಎಂದು. ನಾನು ನ್ಯಾಯವಾಗಿ ಹೇಳುತ್ತೇನೆ. ಗಿರಣಿ ನಡೆದಾಗ ಮೇಜಿನ ಮೇಲೆ ಜಿಗಿಯುತ್ತಿದ್ದ ಸೂಜಿ ತೊಟ್ಟಿಲಲ್ಲಿ ಜಿಗಿಯಲಿಲ್ಲ. ಇದನ್ನು ನಾನೇ ಕಣ್ಣಾರೆ ಕಂಡೆ. ಇವರು ಊರಲ್ಲಿಲ್ಲದಾಗ ಮೇಜಿಗಿಟ್ಟು, ತೊಟ್ಟಿಲಿಗಿಟ್ಟು, ತಿರುಗಿ ಮೇಜಿಗಿಟ್ಟು ನೋಡಿದೆ. ಗಿರಣಿ ನಿಂತ ಮೇಲೆ ಎರಡೂ ಒಂದೇ. ನಡುಕ ಇದ್ದಲ್ಲಿ ನಡುಕ ತಡೆದರೆ ಉಪಯೋಗ ಇದೆ, ಇಲ್ಲದಲ್ಲಿ ಇಲ್ಲ. ಇಷ್ಟು ತಿಳಿಯಲು ಹುಬ್ಬಳ್ಳಿಗೆ ಹೋಗಬೇಕಿರಲಿಲ್ಲ. ಇವರು ಮಾತ್ರ ಅಮಾವಾಸ್ಯೆಯ ದಿನವೂ, ಊರೆಲ್ಲ ತಣ್ಣಗಿದ್ದಾಗಲೂ, ತೊಟ್ಟಿಲಲ್ಲಿ ತಂಬೂರಿಯ ನಾಕೂ ತಂತಿ ಬೇರೆ ಬೇರೆ ಕೇಳುತ್ತವೆ ಎಂದು ವಾದಿಸುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬಿಟ್ಟೆ.

ಗಿರಣಿಗೆ ಬಂದ ಹೆಂಗಸರು ಪಾಳಿ ಬರುವ ತನಕ ನಮ್ಮ ಕಟ್ಟೆಯ ಮೇಲೆ ಕೂರುವುದು ರೂಢಿ. ಅಲ್ಲಿಂದ ಪಡಸಾಲೆ ನೇರ ಕಾಣುತ್ತದೆ. ಹಾಡು ಬರುವುದು ಮೂಲೆಯ ಪೆಟ್ಟಿಗೆಗಳಿಂದ. ಅವರಿಗೆ ಕಂಡದ್ದು ತೊಳೆದ ತೊಟ್ಟಿಲು, ಮೇಲೆ ತೆಳು ಬಟ್ಟೆ, ಅದನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ನಿಂತ ನನ್ನ ಗಂಡ. ಇವರು ಹೆದರಿ ಹೆದರಿ ಬಟ್ಟೆ ಸರಿಸಿ ಒಳಗೆ ಬಗ್ಗುವುದನ್ನೂ ಅವರು ಕಂಡರು. ಅವರಲ್ಲಿ ಒಬ್ಬ ಮುದುಕಿ ಇದ್ದಳು, ಊರಿನ ಸುದ್ದಿಯೆಲ್ಲ ಅವಳ ಜೋಳದ ಬುಟ್ಟಿಯಲ್ಲೇ ಬರುತ್ತಿತ್ತು. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ. ಇವ್ರು ತೊಟ್ಟಿಲಾನ ಕಟ್ಯಾರ" ಎಂದು ನಕ್ಕಳು. "ಇಷ್ಟ ವರ್ಷದ ಮ್ಯಾಲ ಆಗೈತಿ, ತಡ್ಯಾಕ ಆಗವಲ್ದು. ಎಷ್ಟ ತಿಂಗಳವ್ವಾ?"

"ಹಂಗೇನಿಲ್ರಿ ಆಯಿ" ಎಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಮೂರು ತಿಂಗಳು ತುಂಬುವ ತನಕ ದೃಷ್ಟಿಯಾದೀತೆಂದು ಯಾವ ಬಸುರಿಯೂ ಹೌದು ಅನ್ನುವುದಿಲ್ಲ. ನಾನು ಇಲ್ಲ ಅಂದದ್ದೇ ಅವರಿಗೆ ಸಾಕ್ಷಿಯಾಯಿತು. ತೊಟ್ಟಿಲಲ್ಲಿ ಇರುವುದು ಮಷೀನು ಎಂದು ಹೇಳಿಬಿಡಬೇಕೆಂದು ಬಾಯಿ ತನಕ ಬಂದಿತ್ತು. ಅತ್ತೆ ಒಳಗಿನಿಂದ ಕಣ್ಣು ಕೆಂಪಗೆ ಮಾಡಿದರು. ಕೂಸಿಲ್ಲದ ಮನೆಯವರು ತೊಟ್ಟಿಲಲ್ಲಿ ಹಾಡಿನ ಪೆಟ್ಟಿಗೆ ಇಟ್ಟು ಆಡುತ್ತಾರೆ ಎಂದು ಊರು ಅನ್ನುವುದಕ್ಕಿಂತ ಬಸುರಿ ಅನ್ನಲಿ ಎಂದು ಅವರಿಗೆ ಅನಿಸಿರಬೇಕು. ನಾನು ಎದ್ದು ಒಳಗೆ ಹೋದೆ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?

ದುಮ್ಮವಾಡದಿಂದ ನಮ್ಮೂರಿಗೆ ಕೊಟ್ಟ ಹೆಣ್ಣುಮಗಳೊಬ್ಬಳು ತವರಿಗೆ ಹೋದವಳು ಕಲಘಟಗಿಯ ಸಂತೆಯಲ್ಲಿ ನನ್ನ ಅವ್ವನಿಗೆ ಸಿಕ್ಕಳು. ಮುಂದಿನದನ್ನು ಹೇಳಬೇಕಾಗಿಲ್ಲ. ಕಾರಹುಣ್ಣಿಮೆ ಮುಗಿದ ವಾರ, ಮಧ್ಯಾಹ್ನದ ಬಸ್ಸಿಗೆ ಅವ್ವ ಬಂದಿಳಿದಳು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕರ್ಚಿಕಾಯಿ, ಹಸಿರು ಸೀರೆ, ಹಸಿರು ಬಳೆ, ಕುಬಸದ ಹಸಿರು ಖಣ. ಮೊದಲ ಬಸಿರಿಗೆ ತವರಿನವರು ತಂದು ತೊಡಿಸುವ ಕುಬಸ. ಮುಖದಲ್ಲಿ ಖುಷಿಯೂ ಇತ್ತು, ಸಿಟ್ಟೂ ಇತ್ತು.

"ತೊಟ್ಟಿಲಾ ತವರಮನಿಯಿಂದ ಬರಬೇಕು. ಅದೂ ತೊಟ್ಟಿಲದ ಊರಿಂದ ನಿನ್ನ ತಂದಾರ. ಅಷ್ಟೂ ತಡ್ಯಾಕ ಆಗಲಿಲ್ಲಾ ಇವರಿಗೆ" ಎಂದು ಹೊಸ್ತಿಲಲ್ಲೇ ಶುರುಮಾಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಹೇಳಿ ಕಳಿಸಾಕರ ಏನಾಗಿತ್ತು ಯವ್ವಾ ನಿನಗ?"

ಅವ್ವ ಬುಟ್ಟಿ ಇಳಿಸಿ ತೊಟ್ಟಿಲ ಹತ್ತಿರ ಹೋದಳು. ತೊಟ್ಟಿಲ ಊರಿನವಳಾದ್ದರಿಂದ ಮೊದಲು ಕೆತ್ತನೆ ಸವರಿ ನೋಡಿದಳು. ಆಮೇಲೆ ಧೋತರದ ಬಟ್ಟೆ ಎತ್ತಿದಳು. ಒಳಗೆ ಪ್ಲೇಟು ತಿರುಗುತ್ತಿತ್ತು. ಇವರು ಅದೇ ಆಗ ಹಚ್ಚಿ ನೀರು ಕುಡಿಯಲು ಒಳಗೆ ಹೋಗಿದ್ದರು, ತಂಬಿಗೆ ಹಿಡಿದೇ ಬಂದರು. ಹಿಂದೆ ಅತ್ತೆ.

"ಏನ್ರಿ ಅಳಿಯಂದ್ರ ಇದು?" ಎಂದಳು ಅವ್ವ.

"ಗಿರಣಿ ಹೊಡತಕ್ಕ ನೆಲಾ ನಡಗತೈತ್ರಿ. ಅದಕ್ಕ ತೂಗಬಿಟ್ಟೇನ್ರಿ. ತೂಗಬಿಟ್ರ ಸ್ವರ ಬಿಡಿಸಿ ಬರ್ತಾವು."

"ನಮ್ಮೂರಾಗ ತೊಟ್ಟಿಲಾ ಮಾಡೂ ಮಂದಿ ಕೂಸಿಗಂತ ಮಾಡ್ತಾರ್ರಿ. ನಾಳೆ ಕೂಸ ಬಂದ್ರ ಇದನ್ನ ಎಲ್ಲಿ ಇಡಾವ್ರು?"

ಉತ್ತರ ಕೊಟ್ಟವರು ಅತ್ತೆ. "ಕೂಸು ಎಲ್ಲಿಂದ ಬರಬೇಕ್ರಿ ಬೀಗತಿ? ಐದ ವರ್ಷ ಆತು ನಾ ದಾರಿ ನೋಡಾಕತ್ತು. ಯಾರೋ ಏನೋ ಅಂದ್ರಂತ ನೀವು ಬುಟ್ಟಿ ಹೊತ್ತಗೊಂಡ ಬಂದೀರಿ. ನಿಮ್ಮ ಮಗಳ ಉಡಿಯಾಗ ದೇವರ ಏನೂ ಬರದಿಲ್ಲ."

ಅವ್ವ ಹಸಿರು ಖಣದ ಮೇಲೆ ಸೆರಗು ಮುಚ್ಚಿದಳು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ಅಷ್ಟು ತಿಂಗಳು ಒಳಗೇ ಕುದಿಸಿಟ್ಟದ್ದು ಒಮ್ಮೆಲೇ ಬಾಯಿಗೆ ಬಂತು.

"ಹುಬ್ಬಳ್ಳಿಗೆ ಯಾಕ ಹೋಗ್ತೀರಿ, ಇಬ್ಬರೂ ತಾಯಂದಿರ ಮುಂದ ಇವತ್ತ ಹೇಳ್ರಿ" ಎಂದೆ ಇವರಿಗೆ. "ರಬ್ಬರ ತರಾಕ ಅಂತ ಹೇಳಬ್ಯಾಡ್ರಿ. ರಬ್ಬರ ತಗದಿಟ್ಟಾಗೂ ನಿಮಗ ಗೊತ್ತಾಗಿಲ್ಲ. ಮಾವನ ಮಗಳನ್ನ ಯಾವಾಗ ತರಾವ್ರ ಅದೀರಿ?"

ಇವರು ತಂಬಿಗೆ ಕೆಳಗಿಟ್ಟರು. ತೊಟ್ಟಿಲಿಗೆ ಬಗ್ಗಿ ಸೂಜಿಯನ್ನು ಮೆಲ್ಲಗೆ ಎತ್ತಿ ಅದರ ಜಾಗಕ್ಕಿಟ್ಟರು. ಆ ಹೊತ್ತಿನಲ್ಲೂ ಪ್ಲೇಟಿಗೆ ಗೀರು ಬೀಳದ ಹಾಗೆ ನೋಡಿಕೊಂಡರಲ್ಲ ಎಂದು ನನಗೆ ಮತ್ತಷ್ಟು ಉರಿಯಿತು.

"ಯಾರನ್ನೂ ತರೂದಿಲ್ಲ" ಎಂದರು. "ಹುಬ್ಬಳ್ಳಿ ದವಾಖಾನಿಗೆ ಹೋಗ್ತಿದ್ನಿ. ನಾಕ ಸಲ ನೋಡ್ಯಾರ. ಕೊರತಿ ನಂದ ಐತಿ. ಔಷಧಕ್ಕೂ ಆಗೂದಿಲ್ಲ ಅಂತ ಹೇಳ್ಯಾರ." ಅವ್ವನ ಕಡೆ ತಿರುಗಿದರು. "ಈ ತೊಟ್ಟಿಲದಾಗ ಮಲಗಾಕ ಯಾರೂ ಬರೂದಿಲ್ರಿ ಅತ್ತೀ. ಅದಕ್ಕ ಇಳಿಸಿದ್ನಿ."

ಗಿರಣಿ ನಡೆದಿತ್ತು. ಅದರ ಸದ್ದು ನಮಗೆ ಕೇಳುವುದೇ ಇಲ್ಲ ಎಂದು ನಾನು ತಿಳಿದಿದ್ದೆ, ಆಗ ಕೇಳಿತು.

ಮೊದಲು ಬಾಯಿ ತೆರೆದವರು ಅತ್ತೆ. "ಸುಳ್ಳ ಹೇಳಬ್ಯಾಡ. ಹೆಂಡತಿ ಹೆಸರ ಉಳಸಾಕ ನಿನ್ನ ಮ್ಯಾಲ ಹಾಕ್ಕೋಬ್ಯಾಡ."

"ನನ್ನ ಸಂಗಾಟ ನೀನ ಬಾ ಎವ್ವಾ. ಡಾಕ್ಟರನ್ನ ಕೇಳು."

ಅತ್ತೆ ಮಗನ ಮುಖವನ್ನು ನೋಡಿದರು. ಆಮೇಲೆ ಹಿತ್ತಲಿಗೆ ಹೋದರು. ನಾನು ಇವರ ಎದುರಿಗೆ ಹೋಗಿ ನಿಂತೆ.

"ಯಾವಾಗ ಗೊತ್ತಾತ್ರಿ ನಿಮಗ?"

"ಸಂಕ್ರಾಂತಿ ಮುಂದ."

ಸಂಕ್ರಾಂತಿಯಿಂದ ಕಾರಹುಣ್ಣಿಮೆ, ಐದು ತಿಂಗಳು. ಅಷ್ಟು ಸೋಮವಾರ ನಾನು ಇವರಿಗೆ ರೊಟ್ಟಿ ಬಡಿಸಿ ಹಸಿದು ಕೂತಿದ್ದೆ. ಕಷಾಯ ಕುಡಿದು ಮುಖ ಕಿವುಚಿದಾಗ ಇವರೇ ಬೆಲ್ಲದ ಚೂರು ತಂದುಕೊಟ್ಟಿದ್ದರು. ಗೊತ್ತಿದ್ದೂ ಬೆಲ್ಲ ಕೊಟ್ಟಿದ್ದರು. ಬಂಜೆ ಎನ್ನುವ ಮಾತು ಈ ಮನೆಯೊಳಗೆ ಓಡಾಡುವಾಗ ಒಬ್ಬ ಮನುಷ್ಯ ಎಲ್ಲ ತಿಳಿದೂ ಸೈಕಲ್ ಟ್ಯೂಬು ಕತ್ತರಿಸುತ್ತಿದ್ದ. ಇನ್ನೊಬ್ಬ ಹೆಂಗಸು ಇಲ್ಲ ಎಂದು ತಿಳಿದು ನನಗೆ ಸಮಾಧಾನವಾಯಿತೇ ಎಂದು ಯಾರಾದರೂ ಕೇಳಿದರೆ, ಆಗಲಿಲ್ಲ. ಇನ್ನೊಬ್ಬ ಹೆಂಗಸಾಗಿದ್ದರೆ ಜಗಳವಾಡಬಹುದಿತ್ತು. ನನ್ನ ಸಂಶಯ ಖರೆ ಇತ್ತು, ಏನೋ ಮುಚ್ಚಿಟ್ಟಿದ್ದಾರೆ ಎನ್ನುವಷ್ಟರ ಮಟ್ಟಿಗೆ ಖರೆ. ಇವರು ನಾಚಿಕೆಗೆ ಹೇಳಲಿಲ್ಲ ಎನ್ನುವುದು ನನಗೆ ಅರ್ಥವಾಗುತ್ತದೆ. ಅರ್ಥವಾಗುವುದು ಬೇರೆ, ಸಿಟ್ಟು ಇಳಿಯುವುದು ಬೇರೆ. ಆಮೇಲೆ ಎಷ್ಟೋ ವರ್ಷ ಬಾಳಿದೆವು, ಇವರ ಕೊನೆಗಾಲಕ್ಕೆ ನಾನೇ ಗಂಜಿ ಕುಡಿಸಿದೆ. ಆ ಬೆಲ್ಲದ ಚೂರನ್ನು ಮಾತ್ರ ಕ್ಷಮಿಸಿದ್ದೇನೆ ಎಂದು ಎಂದೂ ಹೇಳಿಲ್ಲ, ಇವರೂ ಕೇಳಲಿಲ್ಲ.

"ನಾಳೆ ಬಸ್ಸಿಗೆ ಹೋಗೂಣು ನಡಿ" ಎಂದಳು ಅವ್ವ. "ಇಲ್ಲಿದ್ದ ಊರ ಬಾಯಿಗೆ ಬೀಳೂಕಿಂತ ನಮ್ಮಲ್ಲೆ ಬಂದಿರು. ಮುಂದಿಂದು ಆಮ್ಯಾಲ ನೋಡೂಣು."

ನಾನು ಹೂಂ ಎಂದೆ. ಇವರು ಬೇಡ ಅನ್ನಲಿಲ್ಲ. ಅನ್ನುವ ಮುಖ ಇವರಿಗೆ ಉಳಿದಿರಲಿಲ್ಲ. ಖರೆ ಹೇಳಬೇಕೆಂದರೆ ನನ್ನನ್ನು ಹೊರಗೆ ನೂಕಿದ್ದು ಇವರ ಸುಳ್ಳಲ್ಲ. ಊರು ಇನ್ನೂ ನನ್ನನ್ನೇ ನೋಡುತ್ತದೆ ಎನ್ನುವುದು. ಮನೆಯೊಳಗೆ ನಾಲ್ವರಿಗೆ ಸತ್ಯ ತಿಳಿಯಿತು, ಸರಿ. ನಾಳೆ ಗಿರಣಿಯ ಪಾಳಿಯಲ್ಲಿ ಕೂತವರು ಬಸಿರು ಏನಾಯಿತು ಎಂದು ಕೇಳುತ್ತಾರೆ. ಇಳಿದುಹೋಯಿತು ಅಂದರೂ ನನ್ನದೇ ತಪ್ಪು, ಇರಲೇ ಇಲ್ಲ ಅಂದರೂ ನನ್ನದೇ ತಪ್ಪು. ಗಂಡಸಿನ ಕೊರತೆಯನ್ನು ಯಾವ ಮನೆಯೂ ಹೊಸ್ತಿಲು ದಾಟಿಸುವುದಿಲ್ಲ. ಒಬ್ಬನೇ ಮಗನನ್ನು ಹಡೆದ ತಾಯಿಯಂತೂ ದಾಟಿಸುವುದಿಲ್ಲ ಎಂದು ನನಗೆ ಖಾತ್ರಿ ಇತ್ತು.

ಮರುದಿನ ಮುಂಜಾನೆ ನಾನು ಟ್ರಂಕಿಗೆ ಸೀರೆ ಹಾಕುತ್ತ ಕೂತಿದ್ದೆ. ಅವ್ವ ತಲೆ ಬಾಚಿಕೊಳ್ಳುತ್ತಿದ್ದಳು. ಅತ್ತೆ ಜೋಳ ಹಸನು ಮಾಡಿ ಡಬ್ಬಿಗೆ ತುಂಬಿ, ತಾವೇ ತಲೆಯ ಮೇಲಿಟ್ಟುಕೊಂಡು ಗಿರಣಿಗೆ ಹೊರಟರು. ಗಿರಣಿಗೆ ಹೋಗುವುದು ನನ್ನ ಕೆಲಸ. ನಾನು ಬಂದ ಮೇಲೆ ಅವರು ಒಂದು ದಿನವೂ ಆ ಹೊಸ್ತಿಲು ತುಳಿದವರಲ್ಲ. ಅಡಿಗೆಮನೆಯ ಇನ್ನೊಂದು ಡಬ್ಬಿಯಲ್ಲಿ ನಿನ್ನೆಯ ಹಿಟ್ಟು ಇನ್ನೂ ಉಳಿದಿತ್ತು. ನಾನು ಬಸ್ಸು ಹತ್ತುವ ಮೊದಲೇ ಊರಿಗೆ ತಮ್ಮ ಮಾತು ಹೇಳಿಬಿಡಬೇಕು ಎಂದು ಹೊರಟಿದ್ದಾರೆ, ಬಸಿರಿನ ನಾಟಕ ಮಾಡಿ ತವರಿಗೆ ಓಡುತ್ತಿದ್ದಾಳೆ ಎಂದು ಸಾರಲಿಕ್ಕೆ. ಸೀರೆ ಬಿಟ್ಟು ಎದ್ದು ಹೋಗಿ ಗಿರಣಿಯ ಗೋಡೆಗೆ ಕಿವಿ ಹಚ್ಚಿದೆ.

ಇಂಜಿನ್ನಿನ ಹೊಡೆತದ ಹೊರತು ಏನೂ ಕೇಳಲಿಲ್ಲ. ಗೋಡೆಯ ನಡುಕ ಹಲ್ಲಿನ ತನಕ ಬಂತು. ಗಿರಣಿಯ ಬೆಲ್ಟಿನ ಪಟ್ಟಾ ಆಗಾಗ ಗಾಲಿ ಬಿಟ್ಟು ಜಾರುವುದಿತ್ತು. ಆಗ ಇಂಜಿನ್ ನಿಲ್ಲಿಸಿ ತಿರುಗಿ ಹಾಕುತ್ತಿದ್ದರು. ಅವತ್ತೂ ಜಾರಿತು. ಸದ್ದು ನಿಂತ ಕೂಡಲೇ, ಬೇಸಿಗೆಯಲ್ಲಿ ಬಿರಿದ ಗೋಡೆಯ ಸಂದಿಯಿಂದ ಮುದುಕಿಯ ದನಿ ಕಿವಿಯಲ್ಲೇ ಮಾತಾಡಿದಷ್ಟು ಹತ್ತಿರ ಬಂತು.

"ಬೀಗತಿ ಬಂದಾಳಂತಲ್ಲ, ಕುಬಸಾ ತಗೊಂಡು. ಸೊಸಿಗೆ ಎಷ್ಟ ತಿಂಗಳ ಆತ ಬೇ?"

"ಸೊಸಿಗೆ ತಿಂಗಳೂ ಇಲ್ಲ, ಏನೂ ಇಲ್ಲ" ಎಂದರು ಅತ್ತೆ. ದನಿ ಏರಿಸಲಿಲ್ಲ. "ಇನ್ನ ಮ್ಯಾಲ ಆಗೂದೂ ಇಲ್ಲ. ಆಕೀದು ಏನೂ ತಪ್ಪಿಲ್ಲ. ಕೊರತಿ ನನ್ನ ಮಗಂದ ಐತಿ. ಈ ಹೊಟ್ಟಿಲೆ ಹಡದ ಮಗಂದು."

ಯಾರೋ ಕೆಮ್ಮಿದರು.

"ಆಕಿನ್ನ ಬಂಜಿ ಅಂದಾಕಿ ಮೊದಲ ನಾನ. ನೀವೆಲ್ಲ ಆಮ್ಯಾಲ ಅಂದವ್ರು. ಇವತ್ತಿಂದ ಯಾರರ ಅನ್ನೂದಿದ್ರ ನಮ್ಮ ಮನಿಗೆ ಬಂದು ನನ್ನ ಮುಂದ ಅನ್ರಿ. ಆಕಿ ಬೆನ್ನ ಹಿಂದ ಬ್ಯಾಡ."

ಗೋಡೆಗೆ ಕಿವಿ ಹಚ್ಚಿದ್ದ ನಾನು ಅಲ್ಲೇ ಕೂತೆ. ಅಳು ತಡೆಯಲಾಗಲಿಲ್ಲ. ಅವ್ವ ಬಂದು ಏನಾಯಿತು ಎಂದು ಭುಜ ಹಿಡಿದು ಅಲುಗಿಸಿದಳು. ಹೇಳಲು ಹೋದರೆ ಆ ಕಡೆ ಪಟ್ಟಾ ಕೂತು ಇಂಜಿನ್ ಶುರುವಾಗಿ ಮನೆಯೆಲ್ಲ ನಡುಗತೊಡಗಿತು. ನನ್ನ ಮಾತು ಅವ್ವನಿಗೆ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಹುಬ್ಬು, ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿತ್ತು. ನನ್ನ ಟ್ರಂಕನ್ನು ನೋಡಿದರು, ಅವ್ವನನ್ನು ನೋಡಿದರು. ಡಬ್ಬಿ ಇಳಿಸಿ ಮುಚ್ಚಳ ತೆಗೆದರು.

"ಹಿಟ್ಟ ಬಿಸಿ ಐತಿ. ಹಂಗ ಇಟ್ರ ಮುಗ್ಗತೈತಿ. ಹರವು" ಎಂದರು.

ನಾನು ಎದ್ದು, ಅಗಲದ ಪರಾತ ತಂದು, ಹಿಟ್ಟು ಹರವಿದೆ.